ಏಳು ಜನ ಕೈಯೆತ್ತಿ ಪ್ರಮಾಣ ಮಾಡಿದ ದಿನ: ಒಬ್ಬ ಜನಪ್ರತಿನಿಧಿಯ ಕೈಲಿ ಏನಿರುತ್ತದೆ?

ಪ್ರಶ್ನೆ: ನಾನು ಪಿರಿಯಾಪಟ್ಟಣ ಕಡೆಯವಳು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ನಮ್ಮ ದೊಡ್ಡಪ್ಪ ಬೀಡಿ ಸೇದಿ ಸೇದಿ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಹೋದರು. ಈಚೆಗೆ ಒಂದು ಹಳೇ ವಿಡಿಯೋ ನೋಡಿದೆ. ಅಮೆರಿಕದ ಏಳು ತಂಬಾಕು ಕಂಪನಿಗಳ ಮುಖ್ಯಸ್ಥರು ಸಾಲಾಗಿ ನಿಂತು, ಬಲಗೈ ಎತ್ತಿ ಪ್ರಮಾಣ ಮಾಡುತ್ತಾರೆ. ಆಮೇಲೆ ನಿಕೋಟಿನ್ ಚಟ ಹಿಡಿಸುವುದಿಲ್ಲ ಅನ್ನುತ್ತಾರೆ. ಅವರನ್ನು ಅಲ್ಲಿಗೆ ಕರೆಸಿದವರು ಯಾರು? ಅದರಿಂದ ಏನಾದರೂ ಉಪಯೋಗ ಆಯಿತಾ, ಇಲ್ಲ ಸುಮ್ನೆ ಟಿವಿಗೆ ಅಂತ ಮಾಡಿದ್ದಾ? ನಮ್ಮ ಶಾಸಕರು ಮನಸ್ಸು ಮಾಡಿದರೆ ಇಲ್ಲೂ ಹಾಗೆ ಮಾಡಬಹುದಾ?

ಉತ್ತರ: ನಿಮ್ಮ ದೊಡ್ಡಪ್ಪನ ವಿಷಯ ಓದಿ ಬೇಜಾರಾಯಿತು. ಸೊಪ್ಪು ಬೆಳೆಯುವ ಮನೆಯಲ್ಲೇ ಹೀಗಾದರೆ ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ನಿಮ್ಮ ಕಡೆ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ. ಬೀಡಿಯ ಸೊಪ್ಪು ಬೇರೆ. ಆದರೆ ಎರಡರಲ್ಲೂ ಇರುವ ನಿಕೋಟಿನ್ ಒಂದೇ. ನೀವು ಕೇಳಿದ ಕಥೆಯೂ ಆ ನಿಕೋಟಿನ್ನಿನದೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ, 'ಚಟ' ಅನ್ನುವ ಒಂದು ಪದವನ್ನು ಕಂಪನಿಗಳ ಬಾಯಿಂದ ಹೊರಡಿಸಲು ಹಿಡಿದ ಕಾಲದ ಕಥೆ.

ಅವರನ್ನು ಕರೆಸಿದವರ ಹೆಸರು ಹೆನ್ರಿ ವ್ಯಾಕ್ಸ್‌ಮನ್. ಲಾಸ್ ಏಂಜಲೀಸಿನವರು. ಅಪ್ಪನದು ದಿನಸಿ ಅಂಗಡಿ, ಅದರ ಮೇಲಿನ ಮನೆಯಲ್ಲೇ ಬೆಳೆದವರು. 1968ರಲ್ಲಿ ಕ್ಯಾಲಿಫೋರ್ನಿಯಾದ ವಿಧಾನಸಭೆಗೆ ಆಯ್ಕೆಯಾದರು. 1974ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಗೆದ್ದರು. ಅಲ್ಲಿ ಸತತ 40 ವರ್ಷ ಇದ್ದರು. ಒಂದು ಕಾಲದಲ್ಲಿ ಅವರೂ ಸಿಗರೇಟ್ ಸೇದುತ್ತಿದ್ದರು. ಬಿಡುವುದು ಎಷ್ಟು ಕಷ್ಟ ಅಂತ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಎಲ್ಲರೂ 1994ರ ಆ ವಿಡಿಯೋದಿಂದ ಶುರು ಮಾಡುತ್ತಾರೆ. ನನಗೆ 1979 ಜಾಸ್ತಿ ಮುಖ್ಯ ಅನಿಸುತ್ತದೆ. ಆ ವರ್ಷ ಕೆಳಮನೆಯ ಆರೋಗ್ಯ ಉಪಸಮಿತಿಯ ಅಧ್ಯಕ್ಷ ಸ್ಥಾನ ಖಾಲಿಯಾಯಿತು. ಹಿರಿತನದ ಲೆಕ್ಕದಲ್ಲಿ ಅದು ರಿಚರ್ಡ್‌ಸನ್ ಪ್ರೆಯರ್ ಅವರಿಗೆ ಹೋಗಬೇಕಿತ್ತು. ಪ್ರೆಯರ್ ಒಳ್ಳೆಯ ಹೆಸರಿದ್ದ ಮನುಷ್ಯ. ಆದರೆ ಅವರು ಉತ್ತರ ಕ್ಯಾರೊಲಿನಾದವರು, ತಂಬಾಕೇ ಉಸಿರಾಗಿದ್ದ ರಾಜ್ಯ. ಪ್ರೆಯರ್ ಎದುರು ವ್ಯಾಕ್ಸ್‌ಮನ್ ನಿಂತು, ಸಮಿತಿಯ ಸಹೋದ್ಯೋಗಿಗಳ ಮತದಿಂದ ಗೆದ್ದರು. ಆ ಸಹೋದ್ಯೋಗಿಗಳ ಚುನಾವಣೆ ಖರ್ಚಿಗೆ ಮೊದಲೇ ದೇಣಿಗೆ ಕೊಟ್ಟಿದ್ದರು ಎಂಬ ಟೀಕೆ ಆಗಲೇ ಬಂತು, ಅದು ಸುಳ್ಳೂ ಅಲ್ಲ. ಅದನ್ನು ಮುಚ್ಚಿಟ್ಟು ಅವರನ್ನು ಸಂತನನ್ನಾಗಿ ಮಾಡಲು ನನಗೆ ಇಷ್ಟವಿಲ್ಲ. ಆದರೆ ಆ ಕುರ್ಚಿ ಸಿಕ್ಕಿದ್ದರಿಂದಲೇ ಮುಂದಿನ 16 ವರ್ಷ ಯಾರನ್ನು ಕರೆಸಬೇಕು, ಯಾವ ವಿಷಯ ಎತ್ತಬೇಕು, ಯಾವ ಕಾಗದ ಕೇಳಬೇಕು ಅನ್ನುವುದು ಅವರ ಕೈಲಿತ್ತು.

ಮೊದಲ ದೊಡ್ಡ ಫಲ ಬಂದದ್ದು 1984ರಲ್ಲಿ. ಅಲ್ಲಿಯವರೆಗೆ ಅಮೆರಿಕದ ಸಿಗರೇಟ್ ಪ್ಯಾಕಿನ ಮೇಲೆ ಒಂದೇ ಸಾಲಿನ ಎಚ್ಚರಿಕೆ ಇತ್ತು. ಸಿಗರೇಟ್ ಸೇದುವುದು ಆರೋಗ್ಯಕ್ಕೆ ಅಪಾಯಕಾರಿ ಅಂತ. ಯಾವ ಅಪಾಯ, ಯಾವ ಕಾಯಿಲೆ ಅಂತಿರಲಿಲ್ಲ. ಹೊಸ ಕಾನೂನು ಬಂದ ಮೇಲೆ ನಾಲ್ಕು ಎಚ್ಚರಿಕೆಗಳು ಸರದಿ ಪ್ರಕಾರ ಬರಬೇಕಾಯಿತು. ಶ್ವಾಸಕೋಶದ ಕ್ಯಾನ್ಸರ್, ಹೃದಯದ ಕಾಯಿಲೆ, ಹೊಟ್ಟೆಯಲ್ಲಿರುವ ಮಗುವಿಗೆ ಆಗುವ ತೊಂದರೆ, ಎಲ್ಲ ಹೆಸರು ಹಿಡಿದು ಹೇಳಿದವು. ಅದಕ್ಕೆ ಕಂಪನಿಗಳನ್ನು ಒಪ್ಪಿಸಲು ಮಧ್ಯೆ ಓಡಾಡಿದವರು ಟೆನ್ನೆಸೀಯ ಅಲ್ ಗೋರ್, ಮುಂದೆ ಉಪಾಧ್ಯಕ್ಷರಾದವರು. ಅವರದೂ ತಂಬಾಕು ಬೆಳೆಯುವ ರಾಜ್ಯವೇ.

ಆದರೆ ಆ ನಾಲ್ಕು ಎಚ್ಚರಿಕೆಗಳಲ್ಲಿ ಒಂದರಲ್ಲೂ 'ಚಟ' ಅನ್ನುವ ಪದ ಇರಲಿಲ್ಲ.

ಈ ಪದಕ್ಕೆ ಕಂಪನಿಗಳು ಯಾಕೆ ಅಷ್ಟು ಹೆದರುತ್ತಿದ್ದವು? ಕಾಯಿಲೆ ಬರುತ್ತದೆ ಅಂತ ಪ್ಯಾಕಿನ ಮೇಲೆ ಬರೆದರೆ ಅವರಿಗೆ ನಷ್ಟ ಕಡಿಮೆ. 'ನಾವು ಹೇಳಿದ್ದೆವು, ಅವನೇ ಬೇಕಂತ ಸೇದಿದ' ಎಂದು ಕೋರ್ಟಿನಲ್ಲಿ ಜಾರಿಕೊಳ್ಳಬಹುದು. ಚಟ ಅಂತ ಒಪ್ಪಿಕೊಂಡರೆ ಆ ಮಾತು ನಿಲ್ಲುವುದಿಲ್ಲ. ಚಟ ಹತ್ತಿದವನಿಗೆ 'ಬೇಕಂತ' ಅನ್ನುವುದು ಎಲ್ಲಿರುತ್ತದೆ? ಇನ್ನೊಂದು ಕಾರಣವೂ ಇತ್ತು. ನಿಕೋಟಿನ್ ಚಟ ಹಿಡಿಸುವ ವಸ್ತು, ಕಂಪನಿಗಳು ಅದನ್ನು ಗೊತ್ತಿದ್ದೇ ಬಳಸುತ್ತವೆ ಅಂತ ಆದರೆ, ಆಹಾರ ಮತ್ತು ಔಷಧಿಗಳ ಮೇಲೆ ಹತೋಟಿ ಇರುವ ಎಫ್‌ಡಿಎ ಸಂಸ್ಥೆ ಸಿಗರೇಟಿನ ಮೇಲೂ ಕೈ ಹಾಕಬಹುದು. 1994ರ ಫೆಬ್ರವರಿಯಲ್ಲಿ ಆ ಸಂಸ್ಥೆಯ ಮುಖ್ಯಸ್ಥ ಡೇವಿಡ್ ಕೆಸ್ಲರ್ ಇದನ್ನೇ ಪತ್ರದಲ್ಲಿ ಬರೆದರು. ಮಾರ್ಚ್ ಕೊನೆಗೆ ಕೆಸ್ಲರ್ ಅವರನ್ನು ವ್ಯಾಕ್ಸ್‌ಮನ್ ಸಮಿತಿಯ ಮುಂದೆ ಕರೆಸಿ ಮಾತಾಡಿಸಿದರು. ಮೂರು ವಾರದ ನಂತರ ಕಂಪನಿಗಳ ಸರದಿ ಬಂತು.

1994ರ ಏಪ್ರಿಲ್ 14. ನಾನು ಆ ವಿಡಿಯೋವನ್ನು ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಕೈ ಎತ್ತುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ನೀವು ಇನ್ನೊಮ್ಮೆ ನೋಡುವಾಗ ಕೈಯನ್ನು ಬಿಟ್ಟು ಕ್ರಿಯಾಪದ ಕೇಳಿಸಿಕೊಳ್ಳಿ. ಸಮಿತಿಯ ಇನ್ನೊಬ್ಬ ಸದಸ್ಯ ರಾನ್ ವೈಡನ್ ಸಾಲಾಗಿ ಒಬ್ಬೊಬ್ಬರನ್ನೇ ಕೇಳುತ್ತಾರೆ. ನಿಕೋಟಿನ್ ಚಟ ಹಿಡಿಸುವುದಿಲ್ಲ ಅಂತ ನೀವು ನಂಬುತ್ತೀರಾ? 'ನಿಕೋಟಿನ್ ಚಟ ಹಿಡಿಸುವುದಿಲ್ಲ ಎಂದು ನಾನು ನಂಬುತ್ತೇನೆ.' ಪಕ್ಕದವರದೂ ಅದೇ ಮಾತು. ಅವರ ಪಕ್ಕದವರದೂ ಅದೇ. ಚಟ ಹಿಡಿಸುವುದಿಲ್ಲ ಅಂತ ನೇರವಾಗಿ ಹೇಳುವುದು ಒಂದು. ಹಿಡಿಸುವುದಿಲ್ಲ ಅಂತ 'ನಂಬುತ್ತೇನೆ' ಅನ್ನುವುದು ಇನ್ನೊಂದು. ಸುಳ್ಳು ಪ್ರಮಾಣದ ಬಗ್ಗೆ ಅಲ್ಲಿನ ನ್ಯಾಯ ಇಲಾಖೆ ವರ್ಷಗಟ್ಟಲೆ ತನಿಖೆ ಮಾಡಿತು, ಕೊನೆಗೆ ಯಾರ ಮೇಲೂ ಕೇಸು ಹಾಕಲಿಲ್ಲ. ಒಬ್ಬ ಮನುಷ್ಯ ಏನನ್ನು ನಂಬಿದ್ದ ಅನ್ನುವುದನ್ನು ಸುಳ್ಳು ಅಂತ ಸಾಬೀತು ಮಾಡುವುದು ಬಹಳ ಕಷ್ಟ.

ಹಾಗಾದರೆ ಅದು ಬರೀ ಟಿವಿಗಾಗಿ ಮಾಡಿದ್ದಾ? ಅಲ್ಲ. ಅವತ್ತಿನ ದೊಡ್ಡ ಗಳಿಕೆ ಆ ವಿಡಿಯೋ ತುಣುಕಿನಲ್ಲಿಲ್ಲ. ಅದು ಬಂದದ್ದು ಒಂದು ಸಣ್ಣ ಪ್ರಶ್ನೆಯಿಂದ.

ಫಿಲಿಪ್ ಮಾರಿಸ್ ಕಂಪನಿಯಲ್ಲಿ ವಿಕ್ಟರ್ ಡಿನೋಬಲ್ ಎಂಬ ವಿಜ್ಞಾನಿ ಇದ್ದರು. 1980ರ ದಶಕದ ಶುರುವಿನಲ್ಲಿ ಅವರು ಪಾಲ್ ಮೀಲ್ ಎಂಬ ಸಹೋದ್ಯೋಗಿಯ ಜೊತೆ ಕಂಪನಿಯ ಲ್ಯಾಬಿನಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಇಲಿಯ ರಕ್ತನಾಳಕ್ಕೆ ಸಣ್ಣ ಕೊಳವೆ. ಗೂಡಿನಲ್ಲಿ ಒಂದು ಲಿವರ್. ಒತ್ತಿದರೆ ಒಂದಿಷ್ಟು ನಿಕೋಟಿನ್ ಒಳಗೆ ಹೋಗುತ್ತದೆ. ಇಲಿಗಳು ಮತ್ತೆ ಮತ್ತೆ ಒತ್ತಿದವು. ಆ ಇಲಿಗಳಿಗೆ ಜಾಹೀರಾತು ನೋಡುವ ಕಣ್ಣಿಲ್ಲ, ಗೆಳೆಯರ ಒತ್ತಾಯವಿಲ್ಲ, ಆಫೀಸಿನ ಟೆನ್ಷನ್ ಇಲ್ಲ. ಆದರೂ ಒತ್ತಿದವು. ವಿಜ್ಞಾನಿಗಳು ಇದನ್ನು ಬರೆದು ಪ್ರಕಟಣೆಗೆ ಕಳಿಸಿದರು. ಕಂಪನಿ ಅದನ್ನು ವಾಪಸ್ ತೆಗೆಸಿತು. 1984ರಲ್ಲಿ ಲ್ಯಾಬೇ ಮುಚ್ಚಿತು. ಬಾಯಿ ಬಿಡಬಾರದು ಅನ್ನುವ ಕರಾರು ಇಬ್ಬರ ಕೈ ಕಟ್ಟಿಹಾಕಿತ್ತು.

ಏಪ್ರಿಲ್ 14ರಂದು ಎಲ್ಲ ಕ್ಯಾಮೆರಾಗಳ ಮುಂದೆ ಸಮಿತಿಯವರು ಫಿಲಿಪ್ ಮಾರಿಸ್ ಮುಖ್ಯಸ್ಥರನ್ನು ಕೇಳಿದರು. ಆ ಕರಾರಿನಿಂದ ಡಿನೋಬಲ್ ಅವರನ್ನು ಬಿಡುತ್ತೀರಾ? ಎಲ್ಲರ ಎದುರು 'ಇಲ್ಲ' ಅನ್ನುವುದು ಹೇಗೆ? ಒಪ್ಪಿಕೊಂಡರು. ಎರಡೇ ವಾರದಲ್ಲಿ, ಏಪ್ರಿಲ್ 28ಕ್ಕೆ, ಆ ಇಬ್ಬರು ವಿಜ್ಞಾನಿಗಳು ಅದೇ ಸಮಿತಿಯ ಮುಂದೆ ಕೂತು ಇಲಿಗಳ ಕಥೆಯನ್ನು ಪೂರ್ತಿ ಹೇಳಿದರು. ಹತ್ತು ವರ್ಷದ ಹಿಂದೆ ಹೂತಿಟ್ಟ ವಿಜ್ಞಾನ ಮೇಲೆ ಬಂತು. ಒಳ್ಳೆಯ ವಿಚಾರಣೆ ಅಂದರೆ ಇದು ಅಂತ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮುಂದಿನ ಬಾಗಿಲಿನ ಬೀಗದ ಕೈ ಯಾರ ಜೇಬಿನಲ್ಲಿದೆ ಅಂತ ಮೊದಲೇ ತಿಳಿದುಕೊಂಡು ಬಂದಿರಬೇಕು.

ಮೇ ತಿಂಗಳಲ್ಲಿ ಇನ್ನೊಂದು ಕಟ್ಟು ಹೊರಬಿತ್ತು. ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ ವಕೀಲರ ಕಚೇರಿಯಲ್ಲಿ ಕಾಗದಪತ್ರ ವಿಂಗಡಿಸುತ್ತಿದ್ದ ಮೆರಲ್ ವಿಲಿಯಮ್ಸ್ ಎಂಬ ನೌಕರ ಗುಟ್ಟಾಗಿ ನಕಲು ಮಾಡಿಟ್ಟಿದ್ದ ಸುಮಾರು 4,000 ಪುಟಗಳು. ಅವುಗಳಲ್ಲಿ ಕಂಪನಿಯ ಮುಖ್ಯ ವಕೀಲರು 1963ರಲ್ಲಿ ಬರೆದ ಟಿಪ್ಪಣಿ ಒಂದಿತ್ತು. ನಿಕೋಟಿನ್ ಚಟ ಹಿಡಿಸುತ್ತದೆ, ಹಾಗಾಗಿ ನಾವು ಚಟ ಹಿಡಿಸುವ ಔಷಧವೊಂದನ್ನು ಮಾರುವ ವ್ಯಾಪಾರದಲ್ಲಿದ್ದೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೇ ಕಂಪನಿಯ ಮುಖ್ಯಸ್ಥರು 31 ವರ್ಷದ ನಂತರ ಕೈಯೆತ್ತಿ ಅದರ ಉಲ್ಟಾ 'ನಂಬಿದ್ದರು'. ಕಾಗದ ವಾಪಸ್ ಕೊಡಿ ಅಂತ ಕಂಪನಿ ವ್ಯಾಕ್ಸ್‌ಮನ್ ಮತ್ತು ವೈಡನ್ ಅವರ ಮೇಲೆ ಕೋರ್ಟಿಗೆ ಹೋಯಿತು. ಸಂಸತ್ ಸದಸ್ಯರ ಕೆಲಸಕ್ಕೆ ಸಂವಿಧಾನ ಕೊಟ್ಟ ರಕ್ಷಣೆ ಇದೆ ಎಂದು ಕೋರ್ಟ್ ಕಂಪನಿಯನ್ನು ವಾಪಸ್ ಕಳಿಸಿತು. ಈ ರಕ್ಷಣೆಯ ವಿಷಯ ನೆನಪಿಟ್ಟುಕೊಳ್ಳಿ, ನಮ್ಮಲ್ಲಿಗೆ ಬಂದಾಗ ಬೇಕಾಗುತ್ತದೆ.

ಎಲ್ಲ ಸರಿಯಾಗಿ ಸಾಗುತ್ತಿದೆ ಅನ್ನುವಾಗ ಚುನಾವಣೆ ಬಂತು. 1994ರ ನವೆಂಬರ್‌ನಲ್ಲಿ ವ್ಯಾಕ್ಸ್‌ಮನ್ ಅವರ ಡೆಮಾಕ್ರಟಿಕ್ ಪಕ್ಷ ಕೆಳಮನೆಯಲ್ಲಿ ಬಹುಮತ ಕಳೆದುಕೊಂಡಿತು. ಉಪಸಮಿತಿಯ ಕುರ್ಚಿ ಹೋಯಿತು. ಮೇಲಿನ ಪೂರ್ಣ ಸಮಿತಿಗೆ ಅಧ್ಯಕ್ಷರಾಗಿ ಬಂದವರು ವರ್ಜೀನಿಯಾದ ರಿಚ್ಮಂಡ್‌ನ ಥಾಮಸ್ ಬ್ಲೈಲಿ. ಅದು ಫಿಲಿಪ್ ಮಾರಿಸ್‌ನ ದೊಡ್ಡ ಕಾರ್ಖಾನೆ ಇರುವ ಊರು. ತಂಬಾಕು ವಿಚಾರಣೆಗಳು ನಿಂತವು. ವ್ಯಾಕ್ಸ್‌ಮನ್ 1995ರ ಜುಲೈನಲ್ಲಿ ಸದನದಲ್ಲೇ ಎದ್ದು ನಿಂತು, ಫಿಲಿಪ್ ಮಾರಿಸ್‌ನ ಒಳಗಿನ ಕಾಗದಗಳ ವಿಷಯವನ್ನು ಕಡತಕ್ಕೆ ಸೇರಿಸಿದರು. ಸದನದ ಮಾತಿಗೆ ಯಾರೂ ಕೇಸು ಹಾಕುವಂತಿಲ್ಲ. ಕುರ್ಚಿ ಇಲ್ಲದಿದ್ದರೂ ಎದ್ದು ನಿಲ್ಲಲು ಜಾಗ ಇತ್ತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದೇ ಬ್ಲೈಲಿ 1998ರಲ್ಲಿ ಕಂಪನಿಗಳಿಂದ ಸುಮಾರು 39,000 ದಾಖಲೆಗಳನ್ನು ತರಿಸಿ ಇಂಟರ್ನೆಟ್‌ನಲ್ಲಿ ಹಾಕಿಸಿದರು. ಗಾಳಿ ಅಷ್ಟರ ಮಟ್ಟಿಗೆ ತಿರುಗಿತ್ತು.

ಮಧ್ಯದ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1996ರಲ್ಲಿ ಎಫ್‌ಡಿಎ ಸಿಗರೇಟಿನ ಮೇಲೆ ನಿಯಮ ತಂದಿತು. 2000ದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ ಅದನ್ನು ಹೊಡೆದು ಹಾಕಿತು. ಸಂಸತ್ತು ನಿಮಗೆ ಈ ಅಧಿಕಾರ ಕೊಟ್ಟಿಲ್ಲ ಎಂದಿತು. ಅಂದರೆ ಮತ್ತೆ ಸಂಸತ್ತಿಗೇ ಬರಬೇಕು. ಸಂಸತ್ತಿನಲ್ಲಿ ತಂಬಾಕು ರಾಜ್ಯಗಳ ಸದಸ್ಯರು ಬಂಡೆಯಂತೆ ಕೂತಿದ್ದರು.

ಆ ಬಂಡೆ ಅಲುಗಿದ್ದು ಹೇಗೆ ಅನ್ನುವುದು ನಿಮ್ಮ ಊರಿನವರಿಗೆ ತುಂಬಾ ಮುಖ್ಯ. ಅಮೆರಿಕದಲ್ಲಿ ಯಾರು ಎಷ್ಟು ತಂಬಾಕು ಬೆಳೆದು ಮಾರಬಹುದು ಅನ್ನುವುದಕ್ಕೆ 1930ರ ದಶಕದಿಂದ ಕೋಟಾ ಇತ್ತು. ನಮ್ಮಲ್ಲಿ ತಂಬಾಕು ಮಂಡಳಿ ಲೈಸೆನ್ಸ್ ಕೊಟ್ಟು ಇಷ್ಟೇ ಬೆಳೆಯಿರಿ ಅನ್ನುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. 2004ರಲ್ಲಿ ಒಂದು ಕಾನೂನು ಬಂತು. ಕೋಟಾ ಪದ್ಧತಿಯನ್ನೇ ಎತ್ತಿಹಾಕಿ, ಕೋಟಾ ಇದ್ದ ರೈತರಿಗೆ ಹತ್ತು ವರ್ಷದಲ್ಲಿ ಸುಮಾರು 1,000 ಕೋಟಿ ಡಾಲರ್ ಕೊಡುವುದು ಅಂತ ತೀರ್ಮಾನವಾಯಿತು. ಆ ದುಡ್ಡು ಸರ್ಕಾರದ ಖಜಾನೆಯದಲ್ಲ. ಸಿಗರೇಟ್ ಕಂಪನಿಗಳ ಮೇಲೆ ಹಾಕಿದ ಶುಲ್ಕದ್ದು. ಅದಾದ ಮೇಲೆ ರೈತನ ಹೊಟ್ಟೆಪಾಡು ಮತ್ತು ಕಂಪನಿಯ ಲಾಭ ಬೇರೆ ಬೇರೆ ಆದವು. 'ಕಂಪನಿಯನ್ನು ಮುಟ್ಟಿದರೆ ರೈತ ಸಾಯುತ್ತಾನೆ' ಅನ್ನುವ ಮಾತಿಗೆ ಮೊದಲಿನ ಬಲ ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಇದು 1994ರ ವಿಚಾರಣೆಯಷ್ಟೇ ದೊಡ್ಡ ತಿರುವು. ಕ್ಯಾಮೆರಾ ಇರಲಿಲ್ಲ, ಹಾಗಾಗಿ ಯಾರಿಗೂ ನೆನಪಿಲ್ಲ.

2008ರ ಕೊನೆಗೆ ವ್ಯಾಕ್ಸ್‌ಮನ್ ಪೂರ್ಣ ಸಮಿತಿಯ ಅಧ್ಯಕ್ಷರಾದರು. 2009ರ ಏಪ್ರಿಲ್‌ನಲ್ಲಿ ಅವರ ಮಸೂದೆ ಕೆಳಮನೆಯಲ್ಲಿ 298–112 ಮತಗಳಿಂದ ಪಾಸಾಯಿತು. ಮೇಲ್ಮನೆಯಲ್ಲಿ ಎಡ್ವರ್ಡ್ ಕೆನೆಡಿ ಅದಕ್ಕೆ ಹೆಗಲು ಕೊಟ್ಟಿದ್ದರು, ಅಲ್ಲಿ 79–17. ಜೂನ್ 22ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದರು. ಎಫ್‌ಡಿಎಗೆ ತಂಬಾಕಿನ ಮೇಲೆ ಅಧಿಕಾರ ಬಂತು. ಹಣ್ಣು, ಮಿಠಾಯಿ ರುಚಿಯ ಸಿಗರೇಟ್ ನಿಂತವು. 'ಲೈಟ್', 'ಮೈಲ್ಡ್' ಅಂತ ಹೆಸರಿಟ್ಟು ಮೋಸ ಮಾಡುವುದು ನಿಂತಿತು. ಕಾನೂನು ಹೇಳಿದ ಒಂಬತ್ತು ಹೊಸ ಎಚ್ಚರಿಕೆಗಳಲ್ಲಿ ಮೊದಲನೆಯದೇ, ಸಿಗರೇಟ್ ಚಟ ಹಿಡಿಸುತ್ತದೆ ಅನ್ನುವುದು.

ಈ ಕಾನೂನಿಗೆ ತೂತುಗಳಿವೆ. ಸಿಗರೇಟನ್ನು ಪೂರ್ತಿ ನಿಷೇಧಿಸುವ ಅಧಿಕಾರ ಎಫ್‌ಡಿಎಗೆ ಇಲ್ಲ. ನಿಕೋಟಿನ್ನನ್ನು ಕಡಿಮೆ ಮಾಡಿಸಬಹುದು, ಸೊನ್ನೆ ಮಾಡಿಸುವಂತಿಲ್ಲ. ಎಲ್ಲ ರುಚಿಗಳನ್ನೂ ತೆಗೆದವರು ಪುದೀನದಂತೆ ತಂಪು ಕೊಡುವ ಮೆಂಥಾಲನ್ನು ಮಾತ್ರ ಬಿಟ್ಟರು. ಕಪ್ಪು ಅಮೆರಿಕನ್ನರಲ್ಲಿ ಸೇದುವವರು ಹೆಚ್ಚಾಗಿ ಸೇದುವುದು ಅದನ್ನೇ. ಮತಕ್ಕಾಗಿ ಮಾಡಿಕೊಂಡ ಈ ರಾಜಿ ತಪ್ಪಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಚಿತ್ರದ ಎಚ್ಚರಿಕೆಗಳಂತೂ ಕೋರ್ಟಿನಲ್ಲಿ ಸಿಕ್ಕಿಬಿದ್ದವು. 2012ರಲ್ಲಿ ಮೇಲ್ಮನವಿ ಕೋರ್ಟ್ ಮೊದಲ ಚಿತ್ರಗಳನ್ನು ತಳ್ಳಿಹಾಕಿತು.

ಆದರೆ ಆ ಪದ ಬೇರೆ ದಾರಿಯಲ್ಲಿ ಬಂದೇ ಬಂತು. ಸರ್ಕಾರ ಹೂಡಿದ್ದ ಇನ್ನೊಂದು ಕೇಸಿನಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ 2006ರಲ್ಲಿ ಕಂಪನಿಗಳು ದಶಕಗಟ್ಟಲೆ ಜನರಿಗೆ ಸುಳ್ಳು ಹೇಳಿವೆ ಎಂದು ತೀರ್ಪು ಕೊಟ್ಟರು. ಮೇಲ್ಮನವಿಗಳೆಲ್ಲ ಮುಗಿದು 2017ರ ನವೆಂಬರ್‌ನಲ್ಲಿ ಕಂಪನಿಗಳೇ ದುಡ್ಡು ಕೊಟ್ಟು ಪತ್ರಿಕೆಯಲ್ಲಿ, ಟಿವಿಯಲ್ಲಿ ಹೇಳಬೇಕಾಯಿತು. ಚಟ ಹುಟ್ಟಿಸಿ ಉಳಿಸುವಷ್ಟು ನಿಕೋಟಿನ್ ಇರುವಂತೆ ಸಿಗರೇಟನ್ನು ಬೇಕೆಂದೇ ತಯಾರಿಸಿದ್ದೆವು ಅಂತ. ಆ ಏಳು ಜನ 'ನಂಬುತ್ತೇವೆ' ಅಂದು 23 ವರ್ಷ ಆಗಿತ್ತು.

1965ರಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ. 42 ಜನ ಸೇದುತ್ತಿದ್ದರು. 2022ರ ಹೊತ್ತಿಗೆ ಅದು ಶೇ. 12ಕ್ಕಿಂತ ಕೆಳಗೆ ಬಂತು. ತೆರಿಗೆ, ಊರೂರಿನ ನಿಷೇಧ, ರಾಜ್ಯಗಳ ದಾವೆ, ವೈದ್ಯರು, ಎಲ್ಲ ಸೇರಿ ಆದ ಕೆಲಸ ಅದು. ಒಬ್ಬರ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಇಲ್ಲಿ ಆಗುತ್ತಾ?

ಲೋಕಸಭೆಯ ನಿಯಮಗಳ ಪ್ರಕಾರ ಸಮಿತಿ ಸಾಕ್ಷಿಗಳಿಗೆ ಪ್ರಮಾಣವಚನ ಬೋಧಿಸಬಹುದು. ಅಧಿಕಾರ ಇದೆ. ಆದರೆ ಸಮಿತಿಯ ಸಭೆ ನಡೆಯುವುದು ಬಾಗಿಲು ಹಾಕಿಕೊಂಡು. ಕ್ಯಾಮೆರಾ ಇಲ್ಲ, ಜನ ಇಲ್ಲ. ಫಿಲಿಪ್ ಮಾರಿಸ್ ಮುಖ್ಯಸ್ಥರಿಗೆ 'ಇಲ್ಲ' ಅನ್ನಲು ಬಾಯಿ ಬರದೇ ಹೋದದ್ದು ದೇಶ ನೋಡುತ್ತಿದೆ ಅನ್ನುವ ಕಾರಣಕ್ಕೆ. ಆ ಒತ್ತಡ ನಮ್ಮ ಸಮಿತಿ ಕೋಣೆಯಲ್ಲಿ ಹುಟ್ಟುವುದಿಲ್ಲ. ಅದರ ಮೇಲೆ ಪಕ್ಷದ ವಿಪ್ ಇದೆ. ಒಬ್ಬರೇ ಎದ್ದು ನಿಂತು ಪಕ್ಷದ ವಿರುದ್ಧ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು.

ಹಾಗಂತ ಕೈ ಖಾಲಿ ಏನಲ್ಲ. ಒಬಾಮ ಸಹಿ ಹಾಕುವುದಕ್ಕೆ ಮೂರು ವಾರ ಮೊದಲೇ, 2009ರ ಮೇ 31ರಿಂದ, ನಮ್ಮ ಪ್ಯಾಕುಗಳ ಮೇಲೆ ಚಿತ್ರ ಬಂದಿತ್ತು. 2016ರ ಏಪ್ರಿಲ್‌ನಿಂದ ಅದು ಪ್ಯಾಕಿನ ಶೇ. 85 ಭಾಗ ಆಯಿತು. ಅದರ ವಿರುದ್ಧದ ಕೇಸುಗಳು ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದವು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ತಿಂಗಳೊಳಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರ ಉಳಿಯಿತು. ಈ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ.

ಆದರೆ ಬೀಡಾ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕಾಲೇಜು ಹುಡುಗ ಬರುತ್ತಾನೆ. ಒಂದು ಟೀ, ಒಂದು ಸಿಗರೇಟ್ ಅನ್ನುತ್ತಾನೆ. ಅಂಗಡಿಯವರು ಪ್ಯಾಕಿನಿಂದ ಒಂದನ್ನು ಎಳೆದು ಕೊಡುತ್ತಾರೆ. ಹುಡುಗ ದಾರಕ್ಕೆ ಕಟ್ಟಿದ ಲೈಟರ್‌ನಿಂದ ಹಚ್ಚಿಕೊಳ್ಳುತ್ತಾನೆ. ಶೇ. 85ರ ಚಿತ್ರ ಅಂಗಡಿಯ ಒಳಗೇ ಉಳಿಯಿತು. ಪಾರ್ಲಿಮೆಂಟು, ಕೋರ್ಟು ಎಲ್ಲ ದಾಟಿ ಬಂದ ಎಚ್ಚರಿಕೆ ಆ ಹುಡುಗನ ಕಣ್ಣಿಗೆ ಬೀಳಲೇ ಇಲ್ಲ.

ನಮ್ಮ ವಿಧಾನಮಂಡಲ ಕೈ ಹಾಕಿದ್ದು ಇಲ್ಲಿಗೇ. 2024ರ ಫೆಬ್ರವರಿಯಲ್ಲಿ, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ಕಾಲದಲ್ಲಿ, ತಂಬಾಕು ನಿಯಂತ್ರಣದ 2003ರ ಕೇಂದ್ರ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ಪಾಸಾಯಿತು. ಬಿಡಿ ಸಿಗರೇಟ್ ಮಾರುವಂತಿಲ್ಲ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಮೊದಲು ಅದು 18 ಇತ್ತು. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ ಜೈಲು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿತು. ಮೂಲ ಕಾನೂನು ಕೇಂದ್ರದ್ದಾದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕಿತ್ತು. ಅದು ಬಂದದ್ದು 2025ರ ಮೇ ತಿಂಗಳಲ್ಲಿ. ಹಾಗಾಗಿ 'ಇದು ಸೆಂಟ್ರಲ್ ಕಾನೂನು, ನಮ್ಮ ಕೈಲಿಲ್ಲ' ಅಂತ ಇನ್ನು ಯಾವ ಶಾಸಕರೂ ಹೇಳುವಂತಿಲ್ಲ.

ನಿಮ್ಮ ಕ್ಷೇತ್ರದ ಶಾಸಕರ ಕಷ್ಟ ನನಗೆ ಅರ್ಥವಾಗುತ್ತದೆ. ಪ್ರೆಯರ್ ಮತ್ತು ಗೋರ್ ನಿಂತ ಜಾಗದಲ್ಲೇ ಅವರೂ ನಿಂತಿದ್ದಾರೆ. ಬ್ಯಾರನ್‌ನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಬೇಯಿಸಿ, ಹರಾಜು ಮಾರುಕಟ್ಟೆಯಲ್ಲಿ ಬೇಲ್ ಇಟ್ಟು ಕಾಯುವವರ ಮತದಿಂದಲೇ ಅವರು ಗೆಲ್ಲಬೇಕು. ಅವರಿಂದ ವ್ಯಾಕ್ಸ್‌ಮನ್ ಥರದ ವಿಚಾರಣೆಯನ್ನು ನಾನು ಬಯಸುವುದಿಲ್ಲ. 2004ರಲ್ಲಿ ಅಮೆರಿಕದ ತಂಬಾಕು ರಾಜ್ಯಗಳವರು ಕೇಳಿದ್ದನ್ನು ಕೇಳಲಿ ಸಾಕು. ಬಿಡಬೇಕು ಅನ್ನುವ ಬೆಳೆಗಾರನಿಗೆ ಏನು ಕೊಡುತ್ತೀರಿ, ಯಾರ ದುಡ್ಡಿನಿಂದ ಕೊಡುತ್ತೀರಿ ಅಂತ. ಸಂವಿಧಾನದ 194ನೇ ವಿಧಿ ಸದನದ ಮಾತಿಗೆ ಅವರಿಗೂ ಅದೇ ರಕ್ಷಣೆ ಕೊಟ್ಟಿದೆ.

ಒಂದು ಕೆಲಸ ಮಾಡಿ. ಮುಂದಿನ ಅಧಿವೇಶನಕ್ಕೆ ಮುಂಚೆ ಶಾಸಕರ ಕಚೇರಿಗೆ ಹೋಗಿ, ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದು ಕೊಡಿ. ಹೊಸ ಕಾನೂನು ಬಂದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಬಿಡಿ ಸಿಗರೇಟ್ ಮಾರಿದ್ದಕ್ಕೆ ಎಷ್ಟು ದಂಡ ಹಾಕಿದ್ದಾರೆ? ಶಾಲೆ ಕಾಲೇಜುಗಳ 100 ಮೀಟರ್ ಒಳಗೆ ಎಷ್ಟು ಅಂಗಡಿ ಅಂತ ಯಾರಾದರೂ ಅಳೆದಿದ್ದಾರಾ? ಹೊಗೆಸೊಪ್ಪು ಬಿಟ್ಟು ಬೇರೆ ಬೆಳೆಗೆ ಹೋದ ರೈತರೆಷ್ಟು, ಅವರಿಗೆ ಸಿಕ್ಕ ನೆರವೆಷ್ಟು? ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಲು ಹೇಳಿ. ಅದಕ್ಕಾದರೆ ಮಂತ್ರಿಗಳು ಸದನದಲ್ಲೇ ಉತ್ತರ ಕೊಡಬೇಕು, ಉಪಪ್ರಶ್ನೆಯನ್ನೂ ಕೇಳಬಹುದು. 'ಪರಿಶೀಲಿಸುತ್ತೇವೆ' ಅಂತ ಮಂತ್ರಿಗಳು ಹೇಳಿದರೆ ಆ ದಿನಾಂಕ ಬರೆದಿಟ್ಟುಕೊಳ್ಳಿ. ಸದನದಲ್ಲಿ ಕೊಟ್ಟ ಭರವಸೆಗಳ ಬೆನ್ನು ಹತ್ತಲೆಂದೇ ಒಂದು ಸಮಿತಿ ಇದೆ. ಉತ್ತರ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಕೂತು ಓದೋಣ.